ಎತ್ತಾಳು

ನಮ್ಮೂರಿನ ಬಸುರಿ ಹೆಂಗಸರು ಮೊದಲು ಕೊಳ್ಳುವುದು ದಾರ. ತೊಟ್ಟಿಲು, ಕುಲಾವಿ, ಬೆಳ್ಳಿ ಒಳಲೆ ಎಲ್ಲ ಆಮೇಲೆ. ಸೂಲಗಿತ್ತಿ ಹೊಕ್ಕುಳಬಳ್ಳಿ ಕತ್ತರಿಸಿದ ಗಳಿಗೆಯಲ್ಲೇ ಕೂಸಿನ ಸೊಂಟಕ್ಕೆ ದಾರ ಬೀಳಬೇಕು. ಒಂದು ಉಸಿರು ತಡವಾದರೂ ಅದು ತೊಲೆಗೆ ಹೋಗಿ ಬಡಿಯುತ್ತದೆ. ಉಳ್ಳವರದು ರೇಷ್ಮೆ ದಾರ, ಉಳಿದವರದು ಹಳೇ ಸೀರೆಯ ಅಂಚು. ಗಾಳಿಗೆ ಮಾತ್ರ ಎರಡೂ ಒಂದೇ.

ಇಲ್ಲಿ ಮಕ್ಕಳಿಗೆ ತೂಕ ಬರುವುದು ಹಾಲಿನಿಂದಲ್ಲ, ಮಡಿಲಿನಿಂದ. ಯಾರಾದರೂ ಎತ್ತಿಕೊಂಡಷ್ಟು ಹೊತ್ತು, ಅದೂ ಮಗು ನಂಬಿ ಮೈಬಿಟ್ಟು ಕೂತಷ್ಟು ಹೊತ್ತು, ಭೂಮಿ ಅದನ್ನು ತನ್ನದೆಂದು ಒಪ್ಪಿಕೊಳ್ಳುತ್ತ ಬರುತ್ತದೆ. ಹಾಗಾಗಿ ಊರಿನ ದೊಡ್ಡ ಮನೆಗಳಲ್ಲಿ ಮಗುವನ್ನು ಎತ್ತಿಕೊಳ್ಳುವುದಕ್ಕೆಂದೇ ಆಳು ಇಡುತ್ತಾರೆ. ಅವರಿಗೆ ಎತ್ತಾಳು ಎಂದು ಹೆಸರು. ಎತ್ತಿನ ಹಾಗೆ ದುಡಿಯುವ ಆಳು ಎಂದರೂ ತಪ್ಪಿಲ್ಲ. ಎತ್ತಾಳು ಇಡಲಾಗದವರು ಕೂಸನ್ನು ಮಂಚದ ಕಾಲಿಗೆ ಕಟ್ಟಿ ಕೆಲಸಕ್ಕೆ ಹೋಗುತ್ತಾರೆ. ಅದು ದಿನವಿಡೀ ಸೂರಿನ ಹೊಗೆ ನೋಡುತ್ತ, ಹಲ್ಲಿಯ ಜೊತೆ ಮಾತಾಡುತ್ತ ತೇಲುತ್ತಿರುತ್ತದೆ. ಹಾಗೆ ತೇಲಿ ಬೆಳೆದವರಿಗೆ ದೊಡ್ಡವರಾದ ಮೇಲೆ ಸಿಗುವುದು ಮೇಲಿನ ಕೆಲಸ: ನೀರಿನ ಟ್ಯಾಂಕಿನ ತಲೆ ತೊಳೆಯುವುದು, ಹುಣಿಸೆ ಮರದ ತುದಿ ಬಡಿಯುವುದು, ಹಂಚಿನ ಕಾರ್ಖಾನೆಯಲ್ಲಿ ಹಂಚು ಸುಡುವ ಗೂಡಿನ ಮೇಲ್ಸಾಲು ಜೋಡಿಸುವುದು. ಹಗುರದ ಕೆಲಸಕ್ಕೆ ಹಗುರದ ಕೂಲಿ. ನಮ್ಮೂರಲ್ಲಿ ಮೇಲಿರುವವರೇ ಕೆಳಗಿನವರು.

ನಾನು ನಡುವಿನವನು. ಅಜ್ಜಿ ಬದುಕಿದ್ದಷ್ಟು ದಿನ ನನ್ನನ್ನು ಕಂಕುಳಿಂದ ಇಳಿಸಲಿಲ್ಲವಾಗಿ ಶಾಲೆಗೆ ಸೇರುವಷ್ಟು ತೂಕ ಬಂತು. ಆಮೇಲೆ ಅಜ್ಜಿ ಹೋದಳು. ಈಗಲೂ ಜೋರು ಗಾಳಿಯ ದಿನ ಜೇಬಿನಲ್ಲಿ ಗುಂಡುಕಲ್ಲು ಇಟ್ಟುಕೊಂಡೇ ಹೊರಡುವುದು. ಒಂದು ಕಡೆ ನಿಂತವನೇ ಅಲ್ಲ. ನಿಂತರೆ ಹಿಮ್ಮಡಿ ತುರಿಸುತ್ತದೆ, ಯಾರೋ ಕಂಕುಳಿಗೆ ಕೈ ಹಾಕಿ ಎತ್ತಿದ ಹಾಗಾಗುತ್ತದೆ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದೆ. ಅರ್ಥವೂ ಕೈಗೆ ಬರಲಿಲ್ಲ, ಶಾಸ್ತ್ರವೂ ತಲೆಗೆ ಹತ್ತಲಿಲ್ಲ. ಬಂದದ್ದು ಒಂದೇ ವಿದ್ಯೆ, ಮಂದಿಯ ಧ್ವನಿ ಕದಿಯುವುದು. ಪುರಸಭೆಯ ಅಧ್ಯಕ್ಷರ ಗಂಟಲು ಕೆರೆತ, ತರಕಾರಿ ಅಜ್ಜಿಯ ರಾಗ, ಕಾಲೇಜಿನ ಪ್ರಿನ್ಸಿಪಾಲರ ಮೂಗು, ಎಲ್ಲ ನನ್ನ ಬಾಯಲ್ಲಿತ್ತು. ಕೆಲಸ ಕೇಳಿ ಹೋದಲ್ಲೆಲ್ಲ ಸಂದರ್ಶನ ಮಾಡಿದವರ ಧ್ವನಿಯಲ್ಲೇ ಉತ್ತರ ಕೊಟ್ಟು ಬಾಗಿಲು ತೋರಿಸಿಕೊಂಡು ಬಂದಿದ್ದೇನೆ.

ಆ ವಿದ್ಯೆಗೆ ಮೊದಲ ಗಿರಾಕಿ ವಸುಂಧರಮ್ಮ. ಹಂಚಿನ ಕಾರ್ಖಾನೆಯ ಮಾಲೀಕರ ಹೆಂಡತಿ, ಊರಿನ ಮಾತೃಮಂಡಳಿಯ ಅಧ್ಯಕ್ಷೆ. ತಾಯ್ತನದ ಮಹತ್ವದ ಬಗ್ಗೆ ಸುತ್ತೂರಿಗೆಲ್ಲ ಭಾಷಣ ಮಾಡಬೇಕಾದ್ದರಿಂದ ಮಗುವನ್ನು ಎತ್ತಿಕೊಳ್ಳಲು ಆಕೆಗೆ ಪುರುಸೊತ್ತಿರಲಿಲ್ಲ. ಇಟ್ಟ ಎತ್ತಾಳುಗಳ ಮಡಿಲಲ್ಲಿ ಮಗು ಸೆಟೆದುಕೊಳ್ಳುತ್ತಿತ್ತು. ಸೆಟೆದ ಮಗುವಿಗೆ ತೂಕ ಹತ್ತುವುದಿಲ್ಲ. ಯಾರೋ ನನ್ನ ಹೆಸರು ಹೇಳಿದರು.

"ನನ್ನ ಧ್ವನಿ ಮಾಡ್ತೀಯಂತೆ?" ಅಂದರು.

"ಮಾಡ್ತೀಯಂತೆ?" ಅಂದೆ, ಅವರದೇ ಧ್ವನಿಯಲ್ಲಿ.

ತೊಲೆಯ ಸಂದಿಯಲ್ಲಿ ಕೂತು ಹೆಬ್ಬೆರಳು ಚೀಪುತ್ತಿದ್ದ ಮಗು ತಲೆ ತಿರುಗಿಸಿತು. "ಬಾ ಚಿನ್ನಾ, ಮಡಿಲು ತಣ್ಣಗಾಗ್ತಿದೆ," ಅಂದೆ. ವಸುಂಧರಮ್ಮ ಅಂಥ ಮಾತನ್ನು ಜನ್ಮದಲ್ಲಿ ಆಡಿರಲಿಲ್ಲ. ಆಡಿದ್ದರೆ ಹೇಗೆ ಆಡುತ್ತಿದ್ದರೋ ಹಾಗೆ ಆಡಿದೆ. ಮಗು ಎಲೆ ಉದುರಿದ ಹಾಗೆ ತೂಗಾಡುತ್ತ ಇಳಿದು ನನ್ನ ತೊಡೆಯ ಮೇಲೆ ಕೂತಿತು. ಕೆಲಸ ಸಿಕ್ಕಿತು. ಕರಾರು ಒಂದೇ: ಬೇರೆ ಮಕ್ಕಳನ್ನು ಮುಟ್ಟಕೂಡದು. "ಎಂಜಲು ಮಡಿಲು ನಮ್ಮ ಮನೆಗೆ ಬೇಡ," ಅಂದರು ವಸುಂಧರಮ್ಮ.

ಹುಡುಗನ ಹೆಸರು ಮೇರು. ನನ್ನ ತಂಗಿ ಸಾಕಮ್ಮನ ಮಗಳ ಹೆಸರು ಬೆಟ್ಟಮ್ಮ. ಎರಡಕ್ಕೂ ಅರ್ಥ ಒಂದೇ. ಒಂದು ಸಂಸ್ಕೃತದಲ್ಲಿ ಕೂತಿತ್ತು, ಇನ್ನೊಂದು ಕನ್ನಡದಲ್ಲಿ ತೇಲುತ್ತಿತ್ತು.

ಸಾಕಮ್ಮ ನನಗಿಂತ ಚಿಕ್ಕವಳು. ಅವಳ ಪಾಲಿಗೆ ಅಜ್ಜಿ ಉಳಿದಿರಲಿಲ್ಲ. ಇನ್ನು ಹೆಣ್ಣು ಸಾಕು ಎಂದು ಅಪ್ಪ ಇಟ್ಟ ಹೆಸರು ಅದು. ಅವಳನ್ನು ಸಾಕುವುದಕ್ಕೆ ಮಾತ್ರ ಯಾರ ಕೈಯೂ ಬಿಡುವಾಗಲಿಲ್ಲ. ಶಾಲೆಯ ಅಂಗಳದಿಂದ ಹಾರಿದವಳು ಹಂಚಿನ ಗೂಡಿನ ಮೇಲ್ಸಾಲಿಗೆ ಬಂದು ಇಳಿದಳು. ಸೊಂಟಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ಮೇಸ್ತ್ರಿಯ ಕೈಯಲ್ಲಿ. ಗಂಡ ಪಕ್ಕದ ಸೀಮೆಗೆ ಮರ ಹತ್ತಲು ಹೋದವನು ಗಾಳಿಗೆ ಸಿಕ್ಕನೋ, ಇನ್ಯಾರಿಗೋ ಸಿಕ್ಕನೋ, ತಿರುಗಿ ಬರಲಿಲ್ಲ.

ಅವಳು ಒಂದು ಭಾನುವಾರ ನಮ್ಮ ಮನೆಗೆ ಬಂದಳು. ಬೆನ್ನ ಹಿಂದೆ, ಸೀರೆಯಂಚಿನ ತುದಿಯಲ್ಲಿ, ಬೆಟ್ಟಮ್ಮ ಗಾಳಿಪಟದ ಹಾಗೆ ತೇಲಿಕೊಂಡು ಬಂತು.

"ಅಣ್ಣ, ಮಾತೊಂದು ಹೇಳ್ತೀನಿ, ನಗಬ್ಯಾಡ."

"ನಾನು ಯಾವಾಗ ನಕ್ಕೆ?"

"ನೀನು ನಗಲ್ಲ, ನಗಿಸ್ತೀಯ. ಅದು ಇನ್ನೂ ಕೆಟ್ಟದ್ದು. ಈ ಸಲ ಇವಳು ಗಾಳಿಬಾಗಿಲು ದಾಟಬೇಕು."

ಗಾಳಿಬಾಗಿಲು ಅಂದರೆ ನಮ್ಮ ಸರ್ಕಾರಿ ಶಾಲೆಯ ಪಡುವಣ ಗೇಟು. ಶಾಲೆ ಇರುವುದು ಎರಡು ಗುಡ್ಡಗಳ ಸಂದಿನಲ್ಲಿ. ಸೇರ್ಪಡೆಯ ದಿನ ಬೆಳಿಗ್ಗೆ ಆ ಗೇಟು ತೆಗೆಯುತ್ತಾರೆ. ಗಾಳಿ ನುಗ್ಗುತ್ತದೆ. ಮಕ್ಕಳನ್ನೆಲ್ಲ ಅಂಗಳದ ಒಂದು ತುದಿಯಲ್ಲಿ ನಿಲ್ಲಿಸಿ, ತಾಯಂದಿರು ಇನ್ನೊಂದು ತುದಿಯ ಮೆಟ್ಟಿಲ ಮೇಲೆ ನಿಂತು ಹೆಸರು ಹಿಡಿದು ಕೂಗಬೇಕು. ನೆಲ ಬಿಡದೆ ಬಂದ ಮಗು ಶಾಲೆಗೆ. ನೆಲ ಬಿಟ್ಟದ್ದನ್ನು ಜವಾನ ಹಾಲಪ್ಪ ದಾರ ಎಳೆದು ಮನೆಗೆ ಕಳಿಸುತ್ತಾನೆ. ಒಂದು ಮಗುವಿಗೆ ಎರಡೇ ಸಲ ಅವಕಾಶ. ಬೆಟ್ಟಮ್ಮ ಹೋದ ವರ್ಷ ಮೊದಲ ಹೆಜ್ಜೆಗೇ ಬಾವುಟದ ಕಂಬದ ಎತ್ತರಕ್ಕೆ ಹೋಗಿದ್ದಳು.

"ನೀನು ಊರೋರ ಮಗೀನ ಭಾರ ಮಾಡ್ತೀಯ," ಅಂದಳು ಸಾಕಮ್ಮ. "ನಾನೂ ಎತ್ಕಂಡು ನೋಡಿದೀನಿ ಕಣಣ್ಣ. ಗೂಡಿಂದ ಬಂದು ಎತ್ಕಂಡ್ರೆ ನಂಗೇ ತೂಕಡಿಕೆ. ಹಗ್ಗ ಬಿಚ್ಚಿ ಕೂತ್ರೆ ಇಬ್ರೂ ಏಳ್ತೀವಿ. ಒಂದ್ಸಲ ಸೂರಿಗೆ ತಲೆ ಬಡಿದು ಎಚ್ಚರ ಆಯ್ತು. ಇವಳು ಕಿಲಕಿಲ ಅಂತಾವ್ಳೆ. ಅಮ್ಮನೂ ಆಟಕ್ಕೆ ಬಂದ್ಳು ಅಂದ್ಕಂಡವ್ಳೆ."

ನಾನು ನಗಲಿಲ್ಲ. ಸೂರಿನ ಕೆಳಗೆ ಅಂಗಾತ ತೇಲುತ್ತಿದ್ದ ಬೆಟ್ಟಮ್ಮ ನನ್ನನ್ನು ನೋಡಿ ಹಲ್ಲಿಯ ಹಾಗೆ ಲೊಚಗುಟ್ಟಿದಳು. ಚೆನ್ನಾಗಿಯೇ ಮಾಡಿದಳು. ವಂಶದ ವಿದ್ಯೆ.

ಮೊದಲು ನ್ಯಾಯವಾದ ದಾರಿ ಹಿಡಿದೆ. ಪುರಸಭೆಗೆ ಹೋಗಿ, ಕಾರ್ಖಾನೆಯ ಹೆಂಗಸರ ಮಕ್ಕಳಿಗೆ ಒಂದು ಎತ್ತುಮನೆ ಮಾಡಿಕೊಡಿ, ಸರ್ಕಾರದಿಂದ ನಾಲ್ಕು ಎತ್ತಾಳು ಇಡಿ, ಅಂದೆ. ಅಧ್ಯಕ್ಷರು ಗಂಟಲು ಕೆರೆದುಕೊಂಡರು. "ನೋಡಿ ಗವಿರಂಗ, ಶಿಕ್ಷಣ ಸಾರ್ವಜನಿಕ ವಿಷಯ. ಅದಕ್ಕೇ ಶಾಲೆ ಕಟ್ಟಿದೀವಿ, ಪುಕ್ಕಟೆ ಸ್ಲೇಟು ಕೊಡ್ತೀವಿ. ಮಡಿಲು ಖಾಸಗಿ ವಿಷಯ. ಐದು ವರ್ಷ ತುಂಬೋವರೆಗೂ ಮಗು ಮನೇದು, ತುಂಬಿದ ಮೇಲೆ ಸರ್ಕಾರದ್ದು."

"ಮನೇಲಿ ಯಾರೂ ಇಲ್ಲದಾಗ?"

"ಹಾಂ?"

"ಗಾಳೀದು," ಅಂದೆ. ಅದನ್ನು ಅವರದೇ ಕೆರೆತದ ಸಮೇತ ಅಂದುಬಿಟ್ಟೆ. ಅಲ್ಲಿಗೆ ಆ ಬಾಗಿಲೂ ಮುಚ್ಚಿತು.

ಆಮೇಲೆ ಅನ್ಯಾಯದ ದಾರಿ. ಕಾರ್ಖಾನೆಯ ಹಿಂದೆ ಹಳೇ ಸುಂಕದ ಕಟ್ಟೆ ಪಾಳು ಬಿದ್ದಿತ್ತು. ಸೂರು ಎಷ್ಟು ತಗ್ಗೆಂದರೆ ತೇಲುವ ಮಕ್ಕಳೂ ಕೈಗೆ ಎಟಕುತ್ತಿದ್ದವು. ಈ ಸಲ ಶಾಲೆಗೆ ಸೇರಬೇಕಾದ ಮಕ್ಕಳಿದ್ದ ಮೇಲ್ಸಾಲಿನ ಹೆಂಗಸರ ಕಿವಿಗೆ ಸಾಕಮ್ಮ ಸುದ್ದಿ ಹಾಕಿದಳು. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಕಂಬಕ್ಕೊಂದರ ಹಾಗೆ ಕಟ್ಟಿದ ಕೂಸುಗಳು: ಕಲ್ಲೇಶಿ, ಗುಂಡ, ಬಂಡೆಮ್ಮ, ಇನ್ನೂ ಏನೇನೋ ಭಾರದ ಹೆಸರಿನ ಹಗುರ ಜೀವಗಳು. ನನ್ನ ಕಂಕುಳಲ್ಲಿ ಮೇರು. ಅವನನ್ನು ಹವಾ ಸೇವನೆಗೆ ಕರೆದುಕೊಂಡು ಹೋಗುತ್ತೇನೆಂದು ದಿನಾ ಮನೆಯಿಂದ ಹೊರಡುತ್ತಿದ್ದೆ. ಉಳ್ಳವರ ಮಕ್ಕಳು ಹವಾ ಸೇವಿಸುತ್ತವೆ, ಇಲ್ಲದವರ ಮಕ್ಕಳನ್ನು ಹವಾ ಸೇವಿಸುತ್ತದೆ.

ಮೊದಲ ದಿನವೇ ಒಂದು ತಕರಾರಾಯಿತು. ಬೆಟ್ಟಮ್ಮನನ್ನು ಮಡಿಲಿಗೆ ಕರೆಯಲು ಸಾಕಮ್ಮನ ಧ್ವನಿ ಮಾಡಿದೆ. ಊಟದ ಬಿಡುವಿಗೆ ಇಣುಕಲು ಬಂದ ಸಾಕಮ್ಮ ಬಾಗಿಲಲ್ಲೇ ಅದನ್ನು ಕೇಳಿಸಿಕೊಂಡು ಗಕ್ಕನೆ ನಿಂತಳು. "ಬ್ಯಾಡ ಕಣಣ್ಣ," ಅಂದಳು. "ಉಳಿದದ್ದೇನಾದ್ರೂ ಮಾಡು. ನನ್ನ ಗಂಟಲು ತಗೀಬ್ಯಾಡ. ಕೈ ಕಾರ್ಖಾನೇದು, ಕಾಲು ಗಾಳೀದು. ನಂದೂ ಅಂತ ಇರೋದು ಅದೊಂದೇ." ಅವಳ ಹಿಂದೆ ಬಂದಿದ್ದ ಹೆಂಗಸರೂ ಹಾಗೇ ಅಂದರು. ತಮ್ಮ ಕೂಸು ಇನ್ನೊಬ್ಬರ ಬಾಯಲ್ಲಿ ತಮ್ಮನ್ನು ಕೇಳುವುದು ಯಾರಿಗೂ ಬೇಕಿರಲಿಲ್ಲ.

ಹೂಂ ಅಂದೆ. ಆದರೆ ಗಂಡಸಿನ ಒರಟು ಧ್ವನಿಗೆ ಮಕ್ಕಳು ಸೂರು ಬಿಟ್ಟು ಇಳಿಯಲಿಲ್ಲ. ಮೇರುವನ್ನು ಸಂಭಾಳಿಸಲು ಹೇಗೂ ವಸುಂಧರಮ್ಮನ ಧ್ವನಿ ನಡೆದೇ ಇತ್ತು. "ಬಾ ಚಿನ್ನಾ, ಮಡಿಲು ತಣ್ಣಗಾಗ್ತಿದೆ," ಅಂದರೆ ಮೇರು ಬಂದು ಕೂರುತ್ತಿದ್ದ. ಎರಡು ದಿನಕ್ಕೆ ಕಲ್ಲೇಶಿ ಬಂದ. ಆಮೇಲೆ ಗುಂಡ. ಕೊನೆಗೆ ಬೆಟ್ಟಮ್ಮ, ಅನುಮಾನಿಸುತ್ತ, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು. ಸಾಕಮ್ಮನಿಗೆ ಇದನ್ನು ನಾನು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಬೆಟ್ಟಮ್ಮ ಸಂಜೆಗೆ ಸೀರೆಯಂಚನ್ನು ಜೋಲು ಬಿಟ್ಟುಕೊಂಡು ಬರುತ್ತಿದ್ದಳು. ಸಾಕಮ್ಮನಿಗೆ ಅಷ್ಟು ಸಾಕಿತ್ತು.

ಮಡಿಲು ಒಂದು, ಮಕ್ಕಳು ಹನ್ನೊಂದೋ ಹನ್ನೆರಡೋ. ಸರದಿಯ ಮೇಲೆ ಕೂರಿಸುತ್ತಿದ್ದೆ. ಮಡಿಲಿಲ್ಲದವು ಮೇರುವಿನ ಅಂಗಿಯ ತುದಿ ಹಿಡಿದು ನೆಲದ ಹತ್ತಿರ ಇರುತ್ತಿದ್ದವು. ಅವನಿಗೆ ಅದು ಭಾರೀ ಹೆಮ್ಮೆ. ಕಾಗದದ ಮೇಲಿಟ್ಟ ಕಲ್ಲಿನ ಹಾಗೆ ಕೂತು, ಬೆಟ್ಟಮ್ಮನಿಂದ ಹಲ್ಲಿಯ ಭಾಷೆ ಕಲಿಯುತ್ತಿದ್ದ. ನನಗೆ ಮಾತ್ರ ಜೀವ ನಿಲ್ಲುತ್ತಿರಲಿಲ್ಲ. ಕಿವಿ ಸದಾ ಕಾರ್ಖಾನೆಯ ಸೈರನ್ನಿನ ಕೂಗಿನ ಕಡೆ, ಕಣ್ಣು ದೊಡ್ಡಮನೆಯ ದಾರಿಯ ಕಡೆ. ಒಂದು ಮಗು ಮಡಿಲಲ್ಲಿದ್ದರೆ ಉಳಿದವುಗಳ ಗಂಟು ಸಡಿಲವಾಯಿತೇ ಎಂದು ಏಳುವುದು, ಎದ್ದರೆ ಮಡಿಲಿನದು ಬೆಚ್ಚಿ ಸೆಟೆಯುವುದು, ಮತ್ತೆ ಕೂರುವುದು. ಕೂತರೂ ನನ್ನ ಮಂಡಿ ಕುಣಿಯುತ್ತಲೇ ಇರುತ್ತಿತ್ತು. ಮಕ್ಕಳು ಅದನ್ನೇ ತೂಗುವುದೆಂದು ತಿಳಿದು ನಿದ್ದೆ ಹೋಗುತ್ತಿದ್ದವು.

ಸಿಕ್ಕಿಬಿದ್ದದ್ದು ಮೇರುವಿನಿಂದ. ಒಂದು ಸಂಜೆ ವಸುಂಧರಮ್ಮ ಅಪರೂಪಕ್ಕೆ ಬೇಗ ಬಂದವರು, ಮಾತೃಮಂಡಳಿಯ ಹೆಂಗಸರ ಮುಂದೆ ಮಗನನ್ನು ಎತ್ತಿಕೊಳ್ಳಲು ಹೋದರು. ಅವನು ಕೊಸರಿಕೊಂಡ. "ಅಮ್ಮನ ಹತ್ರ ಬಾರೋ," ಅಂದರು.

"ನೀನಲ್ಲ," ಅಂದ ಮೇರು. "ಅಮ್ಮ ಕಟ್ಟೇಲವ್ಳೆ."

'ಅವ್ಳೆ' ಎಂಬ ಮಾತು ಆ ಮನೆಯ ಹಾಸುಗಲ್ಲಿನ ಮೇಲೆ ಅಲ್ಲಿಯವರೆಗೆ ಬಿದ್ದಿರಲಿಲ್ಲ. ಅಷ್ಟರಲ್ಲಿ ಅವನು ಹಲ್ಲಿಯ ಹಾಗೆ ಲೊಚಗುಟ್ಟಿಯೂ ಬಿಟ್ಟ. ಮಂಡಳಿಯ ಹೆಂಗಸರು ಕಾಫಿ ಲೋಟದೊಳಗೆ ನೋಡಿಕೊಂಡರು.

"ಯಾರ ಯಾರನ್ನ ಕೂರಿಸಿಕೊಂಡೆ ಆ ಮಡಿಲಲ್ಲಿ?" ಎಂದು ನನ್ನನ್ನು ಕೇಳಿದರು ವಸುಂಧರಮ್ಮ.

"ನಿಮ್ಮ ಕಾರ್ಖಾನೆಯವರದೇ ಅಮ್ಮಾವ್ರೇ. ಹೊರಗಿನವರು ಯಾರೂ ಇಲ್ಲ."

"ನನ್ನ ಮಗನ ತೂಕ ಹಂಚಿದೀಯ."

"ಅವನ ತೂಕ ಗುಂಜಿಯಷ್ಟೂ ಇಳಿದಿಲ್ಲ. ಬೇಕಾದರೆ ತಕ್ಕಡಿ ತರಿಸಿ ನೋಡಿ."

"ಹೊರಡು," ಅಂದರು. ಅದನ್ನು ನಾನು ಅನುಕರಿಸಲಿಲ್ಲ.

ಕೆಲಸ ಹೋಯಿತು. ಖಾಲಿಯಾದ ಕೈ ತುಂಬ ಕಟ್ಟೆಯ ಮಕ್ಕಳು. ಸೇರ್ಪಡೆಗೆ ಉಳಿದಿದ್ದ ಅಷ್ಟೂ ದಿನ ಬೆಳಗಿನಿಂದ ಬೈಗಿನವರೆಗೆ ಕೂತೆ, ಎದ್ದೆ, ಕೂತೆ. ದೊಡ್ಡಮನೆಯಲ್ಲಿ ಹೊಸ ಎತ್ತಾಳು ಬಂದಳೆಂದೂ, ಮೇರು ಅವಳ ಮಡಿಲಲ್ಲಿ ಕಟ್ಟಿಗೆಯ ಹಾಗೆ ಇರುತ್ತಾನೆಂದೂ ಸುದ್ದಿ ಬಂತು. ಪಾಪ ಅನ್ನಿಸಿತು. ಅನ್ನಿಸಿದ್ದನ್ನು ಯಾರಿಗೂ ಹೇಳಲಿಲ್ಲ. ಸಾಕಮ್ಮನ ಮುಂದಂತೂ ಹೇಳುವ ಹಾಗೇ ಇರಲಿಲ್ಲ. ಅವಳು ಊಟದ ಬಿಡುವಿನಲ್ಲಿ ಓಡಿ ಬಂದು, ಬೆಟ್ಟಮ್ಮನ ಪಾದದ ಕೆಳಗೆ ಅಂಗೈ ತೂರಿಸಿ ನೋಡುತ್ತಿದ್ದಳು. ತೂರಿದರೆ ಮುಖ ಸಣ್ಣದಾಗುತ್ತಿತ್ತು. ಒಂದು ದಿನ ತೂರಲಿಲ್ಲ. ಬೆರಳು ಒತ್ತಿಸಿಕೊಂಡವಳು ಅಯ್ಯೋ ಎಂದು ಕೈ ಕೊಡವಿ, ಕೊಡವಿದ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

ಸೇರ್ಪಡೆಯ ದಿನ ಕಾರ್ಖಾನೆಯಲ್ಲಿ ಮೇಲ್ಸಾಲಿನವರಿಗೆ ಎರಡನೇ ಕೂಗಿನವರೆಗೆ ಮಾತ್ರ ರಜೆ ಕೊಟ್ಟಿದ್ದರು. ಹೆಂಗಸರು ಸೊಂಟದ ಹಗ್ಗದ ಸಮೇತ ಬಂದಿದ್ದರು. ಹಗ್ಗದ ತುದಿಗಳನ್ನು ಶಾಲೆಯ ಮೆಟ್ಟಿಲ ಸರಳಿಗೆ ಸುತ್ತಿಕೊಂಡು ನಿಂತಿದ್ದರು. ಪಕ್ಕದಲ್ಲಿ ಹಗ್ಗವಿಲ್ಲದ ತಾಯಂದಿರು. ಮುಂದಿನ ಮೆಟ್ಟಿಲಲ್ಲಿ ವಸುಂಧರಮ್ಮ. ಅಂಗಳದ ಆ ತುದಿಯಲ್ಲಿ ಮಕ್ಕಳು. ಬಡವರ ಮಕ್ಕಳ ದಾರದ ತುದಿಗಳೆಲ್ಲ ಹಾಲಪ್ಪನ ಬೆರಳಲ್ಲಿ, ಬೊಂಬೆಯಾಟದವನ ಹಾಗೆ. ಮೇರುವಿಗೆ ದಾರ ಕಟ್ಟಿರಲಿಲ್ಲ. ಹಾಲಪ್ಪ ಒಂದು ದಾರ ಹಿಡಿದುಕೊಂಡು ಹೋದದ್ದಕ್ಕೆ, "ನಮ್ಮ ಮನೆತನದಲ್ಲಿ ಯಾರೂ ದಾರ ಕಟ್ಟಿಸಿಕೊಂಡು ಈ ಅಂಗಳ ದಾಟಿಲ್ಲ," ಎಂದು ವಸುಂಧರಮ್ಮನಿಂದ ಬೈಸಿಕೊಂಡು ಬಂದ. ಮೇರುವಿನ ಹಿಮ್ಮಡಿ ನೋಡಿದೆ. ನೆಲಕ್ಕೂ ಅದಕ್ಕೂ ನಡುವೆ ಬಿಸಿಲು ಕಾಣುತ್ತಿತ್ತು.

ಹೆಡ್‌ಮಾಸ್ಟರ್ ತಿಪ್ಪೇಶಯ್ಯನವರು ಪ್ರತಿ ವರ್ಷ ಆಡುವ ಮಾತನ್ನೇ ಆಡಿದರು. "ಮಹನೀಯರೇ, ಮಹಿಳೆಯರೇ, ಈ ಶಾಲೆಯಲ್ಲಿ ವಶೀಲಿ ಇಲ್ಲ. ದೇಣಿಗೆ ಇಲ್ಲ. ಗಾಳಿಗೆ ಬಡವ ಬಲ್ಲಿದ ಎಂಬ ಭೇದವಿಲ್ಲ. ಒಂದೇ ಅಂಗಳ, ಒಂದೇ ಗಾಳಿ. ಇದಕ್ಕಿಂತ ಸಮಾನತೆ ಬೇರೆಲ್ಲಿದೆ?"

"ಹೊಟ್ಟೇಲಿರೋವಾಗ," ಅಂದಳು ಸಾಕಮ್ಮನ ಪಕ್ಕದವಳು. ಯಾರೋ ಕಿಸಕ್ಕೆಂದರು. ಹಾಲಪ್ಪ ಗೇಟು ತೆಗೆದ.

ಗಾಳಿ ಬಂತು. ಧೂಳು, ಒಣಗಿದ ಎಲೆ, ಯಾರದೋ ಟೋಪಿ, ಎಲ್ಲ ಎದ್ದವು. ಜೇಬಿನ ಕಲ್ಲು ಅದುಮಿಕೊಂಡು ಗೋಡೆಯ ಬದಿಯಲ್ಲಿ ನಿಂತೆ. ತಾಯಂದಿರು ಒಟ್ಟಿಗೆ ಕೂಗತೊಡಗಿದರು. ವರ್ಷವಿಡೀ ಮಡಿಲಲ್ಲಿದ್ದ ಮಕ್ಕಳು, ಅಂಗಡಿಯವರದು, ಗುಮಾಸ್ತರದು, ಕಣ್ಣುಜ್ಜಿಕೊಳ್ಳುತ್ತ ನಡೆದು ಬಂದವು. ಕಟ್ಟೆಯ ಮಕ್ಕಳೂ ಹೆಜ್ಜೆ ಇಟ್ಟವು. ಬೆಟ್ಟಮ್ಮ ಎಲ್ಲರಿಗಿಂತ ಮುಂದೆ. ಒಂದು ಹೆಜ್ಜೆ, ಇನ್ನೊಂದು. ನೆಲ ಬಿಡಲಿಲ್ಲ.

"ಬೆಟ್ಟೀ!" ಎಂದು ಕೂಗಿದಳು ಸಾಕಮ್ಮ. ಗೂಡಿನ ಹೊಗೆಗೆ ಒಡೆದ ಗಂಟಲು. "ಬೆಟ್ಟೀ, ಬಾರವ್ವಾ!"

ಬೆಟ್ಟಮ್ಮ ನಿಂತಳು. ತಾಯಿಯನ್ನು ನೋಡಿದಳು. ಎರಡೂ ಕೈ ಪಕ್ಕಕ್ಕೆ ಚಾಚಿ, ಸೊಂಟ ಬಿಟ್ಟುಕೊಟ್ಟು, ಉಸಿರು ಬಿಗಿಹಿಡಿದಳು. ನನಗೆ ಆ ಭಂಗಿ ಗೊತ್ತಿತ್ತು. ದಾರ ಕಟ್ಟಿಸಿಕೊಳ್ಳುವಾಗ ಹಾಗೆ ನಿಲ್ಲುತ್ತಿದ್ದಳು. ಹುಟ್ಟಿದಾಗಿನಿಂದ ಪ್ರತಿ ಬೆಳಿಗ್ಗೆ ಕಾರ್ಖಾನೆಯ ಕೂಗಿಗೆ ಮುಂಚೆ, ಬೆಟ್ಟೀ ಬಾರವ್ವಾ ಎಂದು ಕೂಗಿ, ಮಂಚದ ಕಾಲಿಗೆ ಕಟ್ಟಿ, ತಾಯಿ ಓಡುತ್ತಿದ್ದಳು. ಆ ಮಗುವಿನ ಕಿವಿಯಲ್ಲಿ ತಾಯಿಯ ಕೂಗು ಅಂದರೆ ಸೂರಿಗೆ ಹೋಗುವ ಹೊತ್ತು. ವಿಧೇಯ ಹುಡುಗಿ. ಪಾದ ನೆಲ ಬಿಟ್ಟಿತು.

"ಇಳಿಯೇ! ಕಾಲು ಇಕ್ಕೇ ನೆಲಕ್ಕೆ!" ಎಂದು ಸಾಕಮ್ಮ ಕಿರುಚಿದಳು. ಕಿರುಚಿದಷ್ಟೂ ಬೆಟ್ಟಮ್ಮ ಏರಿದಳು. ಅಕ್ಕಪಕ್ಕದಲ್ಲಿ ತಂತಮ್ಮ ತಾಯಿಯ ಕೂಗಿಗೆ ಕಲ್ಲೇಶಿ ಎದ್ದ, ಗುಂಡ ಎದ್ದ, ಬಂಡೆಮ್ಮ ಎದ್ದಳು. ಹಾಲಪ್ಪನ ಬೆರಳುಗಳಲ್ಲಿ ದಾರಗಳು ಬಿಗಿದವು. ತಿಪ್ಪೇಶಯ್ಯನವರು ಬಾಯಲ್ಲಿ ಚ್‌ಚ್ ಎಂದು, ಎಳೆದುಕೊ ಎಂಬಂತೆ ಕೈ ಎತ್ತಿದರು.

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಒಂದು ಚೀರಾಟ. ಮೇರು ಬಾವುಟದ ಕಂಬ ದಾಟಿದ್ದ.

"ಮೇರೂ! ಪ್ರೀತಿಯ ಪುತ್ರಾ!" ಎಂದು ವಸುಂಧರಮ್ಮ ಭಾಷಣದ ಧ್ವನಿಯಲ್ಲಿ ಕೂಗಿದರು. ಅವರಿಗೆ ಬೇರೆ ಧ್ವನಿ ರೂಢಿಯಿರಲಿಲ್ಲ. ಹುಡುಗ ಮೇಲಿನಿಂದ ಅಪರಿಚಿತರನ್ನು ನೋಡುವ ಹಾಗೆ ನೋಡಿದ. ಅವನಿಗೆ ದಾರವಿರಲಿಲ್ಲ. ಗುಡ್ಡದ ಸಂದಿನಾಚೆ ಬರೀ ಆಕಾಶ. ರೇಷ್ಮೆ ಅಂಗಿ ಗಾಳಿ ತುಂಬಿಕೊಂಡು ಉಬ್ಬಿತು. ಯಾರೋ ಏಣಿ ಅಂದರು, ಯಾರೋ ಗೇಟು ಅಂದರು. ಗೇಟನ್ನು ಮುಚ್ಚಲು ಓಡಿದ ತಿಪ್ಪೇಶಯ್ಯನವರನ್ನು ಗಾಳಿ ಹಿಂದಕ್ಕೆ ದಬ್ಬಿತು. ಮುಚ್ಚಬಹುದೆಂದು ಅವರಿಗೆ ನೆನಪಾದದ್ದೇ ಅದು ಮೊದಲ ಸಲ ಇರಬೇಕು.

ವಸುಂಧರಮ್ಮ ನನ್ನ ಕಡೆ ತಿರುಗಿದರು. ಅಷ್ಟು ಜನರ ಮುಂದೆ, ಕೈ ಮುಗಿದು, "ಗವಿರಂಗಾ, ಕೂಗೋ! ನನ್ನ ಧ್ವನೀಲಿ ಕೂಗೋ!" ಅಂದರು.

ಸಾಕಮ್ಮ ನನ್ನನ್ನೇ ನೋಡುತ್ತಿದ್ದಳು. ಈಗ ಬಾಯಿ ಬಿಟ್ಟರೆ ಕಟ್ಟೆಯಲ್ಲಿ ಅಷ್ಟು ದಿನ ನಡೆದದ್ದು ಅವಳ ಮುಂದೆ ಬಯಲಾಗುತ್ತಿತ್ತು. ಆದರೆ ಆಕಾಶದಲ್ಲಿದ್ದದ್ದು ಮಗು. ಬಾಯಿ ತೆರೆದೆ.

"ಬಾ ಚಿನ್ನಾ," ಅಂದೆ. "ಮಡಿಲು ತಣ್ಣಗಾಗ್ತಿದೆ."

ಮೇರು ಕೆಳಗೆ ನೋಡಿ ಮೆಟ್ಟಿಲ ಮೇಲೆ ವಸುಂಧರಮ್ಮನನ್ನು ಕಂಡ. ಧ್ವನಿಯೂ ಮುಖವೂ ಹೊಂದಿದವು. ಮುಷ್ಟಿ ಬಿಚ್ಚಿ, ಮೈಬಿಟ್ಟು, ಇಳಿಯತೊಡಗಿದ. "ಕೂತ್ಕೊಳ್ಳಿ ಅಮ್ಮಾವ್ರೇ, ಮಡಿಲು ಮಾಡಿ!" ಎಂದು ನನ್ನ ಧ್ವನಿಯಲ್ಲಿ ಕೂಗಿ, ಮತ್ತೆ ಅವರ ಧ್ವನಿಗೆ ಹೋದೆ. "ಬಾ, ಬಾ ಚಿನ್ನಾ." ಅವರು ಧೊಪ್ಪನೆ ಮೆಟ್ಟಿಲ ಮೇಲೆ ಕೂತು ಸೆರಗು ಹಾಸಿದರು. ಮೇರು ಬಂದು ಬಿದ್ದ. ಅವನ ಹಿಂದೆಯೇ ಕಲ್ಲೇಶಿ. ಆಮೇಲೆ ಗುಂಡ, ಬಂಡೆಮ್ಮ. ಸುಂಕದ ಕಟ್ಟೆಯ ಅಷ್ಟೂ ಮಕ್ಕಳು ದಾರ ಜೋಲಿಸಿಕೊಂಡು, ಧೂಳಿನ ನಡುವೆ, ಬಿದ್ದೆವೋ ಕೆಟ್ಟೆವೋ ಎಂದು ಬಂದು ಮಾಲೀಕರ ಹೆಂಡತಿಯ ತೊಡೆ, ತೋಳು, ಬೆನ್ನು, ಎಲ್ಲಿ ಜಾಗವೋ ಅಲ್ಲಿ ಕೂತವು. ಕೊನೆಗೆ ಬೆಟ್ಟಮ್ಮ ಬಂದು ಅವರ ಎರಡೂ ಪಾದಗಳ ಮೇಲೆ ಕುಳಿತು ಹಲ್ಲಿಯ ಹಾಗೆ ಲೊಚಗುಟ್ಟಿದಳು. ಸೆರಗಿನೊಳಗಿನಿಂದ ಮೇರು ಉತ್ತರ ಕೊಟ್ಟ.

ಹಾಲಪ್ಪನ ಕೈಯಲ್ಲಿ ಜೋತುಬಿದ್ದ ದಾರಗಳ ಗೊಂಚಲು.

"ಅಯ್ಯೋ," ಅಂದರು ವಸುಂಧರಮ್ಮ, ಈ ಸಲ ಭಾಷಣದ್ದಲ್ಲದ ಧ್ವನಿಯಲ್ಲಿ. "ಎಷ್ಟು ಭಾರ ಇವು! ಯಾರಾದ್ರೂ ಇಳಿಸಿ, ಕಾಲು ಜೋಮು ಹಿಡೀತಿದೆ. ಮೇಷ್ಟ್ರೇ, ಬೇಗ ಬರ್ಕೊಳ್ಳಿ ಹೆಸರು!"

"ಅದು ಹೇಗಾಗುತ್ತೆ ಅಮ್ಮಾವ್ರೇ," ಎಂದು ತಿಪ್ಪೇಶಯ್ಯನವರು ಕನ್ನಡಕ ಒರೆಸಿಕೊಂಡರು. "ನಿಯಮದ ಪ್ರಕಾರ ನಡೆದು ಬರಬೇಕು. ಇವು ಹಾರಿ, ಇಳಿದು ಬಂದಿವೆ. ಇವನ್ನ ಸೇರಿಸೋಕೆ ಬರಲ್ಲ."

"ಮೇರಪ್ಪೋರೂ ಹಂಗೇ ಬಂದದ್ದು ಸಾ," ಅಂದ ಹಾಲಪ್ಪ.

ತಿಪ್ಪೇಶಯ್ಯನವರು ಮೇರುವನ್ನು ನೋಡಿದರು, ಮೇರುವಿನ ತಾಯಿಯನ್ನು ನೋಡಿದರು, ಆಕೆಯ ಗಂಡ ಕಟ್ಟಿಸಿಕೊಟ್ಟ ಕಾಂಪೌಂಡನ್ನು ನೋಡಿದರು. "ಹಾಂ," ಅಂದರು. "ನೆಲಕ್ಕೆ ತಲುಪಿದ್ದು ಮುಖ್ಯ. ತಲುಪಿದ ಬಗೆಯಲ್ಲ. ನಿಯಮದ ಆತ್ಮ ಅದೇ." ಎಂದು ಎಲ್ಲರ ಹೆಸರನ್ನೂ ಬರೆದುಕೊಂಡರು. ನಿಯಮಕ್ಕೂ ಒಂದು ಆತ್ಮವಿದೆಯೆಂದೂ, ಅದಕ್ಕೂ ತೂಕವಿಲ್ಲವೆಂದೂ ನನಗೆ ಆಗ ಗೊತ್ತಾಯಿತು.

ಹೆಂಗಸರು ತಂತಮ್ಮ ಮಕ್ಕಳನ್ನು ಬಿಡಿಸಿಕೊಳ್ಳಲು ನುಗ್ಗಿದರು. ಸಾಕಮ್ಮ ನುಗ್ಗಲಿಲ್ಲ. ಸರಳಿಗೆ ಸುತ್ತಿದ್ದ ಹಗ್ಗವನ್ನು ನಿಧಾನಕ್ಕೆ ಬಿಚ್ಚಿಕೊಂಡು, ಅದರ ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ಗೋಡೆ ತಡಕುತ್ತ ನನ್ನ ಹತ್ತಿರ ಬಂದಳು.

"ನನ್ನ ಗಂಟಲು ತಗೀಬ್ಯಾಡ ಅಂದೆ."

"ತಗೀಲಿಲ್ಲ."

"ಅವರದು ತಗಂಡೆ."

"ಹೂಂ."

"ನಾನು ಕೂಗಿದ್ರೆ ಮೇಲಕ್ಕೆ, ಅವರು ಕೂಗಿದ್ರೆ ಕೆಳಕ್ಕೆ." ಅವಳು ನಗಲು ನೋಡಿದಳು. "ಚೆಂದಾಗಿ ಸಾಕಿದ್ದೀಯ ಕಣಣ್ಣ ನನ್ನ ಮಗೀನ."

ನನ್ನದೇ ಧ್ವನಿ ಯಾವುದೆಂದು ಹುಡುಕುವಷ್ಟರಲ್ಲಿ ಅವಳು ತಿರುಗಿ ಮೆಟ್ಟಿಲ ಕಡೆ ಹೋಗಿದ್ದಳು. ಬೆಟ್ಟಮ್ಮನ ಮುಂದೆ ನಿಂತಳು. ಕೂಗಲಿಲ್ಲ. ಹೆಸರು ಹಿಡಿಯಲಿಲ್ಲ. ಬಗ್ಗಿ, ಎರಡೂ ಕಂಕುಳಿಗೆ ಕೈ ಹಾಕಿ, ದಿನಾ ಎತ್ತುವ ಹಾಗೆ ಬೆರಳ ತುದಿಯಲ್ಲೇ ಎತ್ತಲು ಹೋದಳು. ಮಗು ಕದಲಲಿಲ್ಲ. ಇನ್ನೊಮ್ಮೆ, ಸೊಂಟ ಬಿಗಿದು ಎಳೆದಳು. ಆಗಲೂ ಇಲ್ಲ. ಸಾಕಮ್ಮ ಮಗಳ ಮುಖವನ್ನು ಹೊಸಬರ ಮುಖದ ಹಾಗೆ ನೋಡಿದಳು. ಬೆಟ್ಟಮ್ಮ ಅವಳ ಕತ್ತಿಗೆ ತೋಳು ಹಾಕಿ ತಾನೇ ಎದ್ದು ಜೋತುಬಿದ್ದಳು; ಆ ಭಾರಕ್ಕೆ ತಾಯಿ ಅಲ್ಲೇ, ಅಂಗಳದ ಧೂಳಿನಲ್ಲೇ, ಕುಕ್ಕರಿಸಲು ಹೋಗಿ ಕೂತೇಬಿಟ್ಟಳು. ಮಗು ತೊಡೆಯ ಮೇಲೆ. ಮುಷ್ಟಿಯಲ್ಲಿದ್ದ ಹಗ್ಗದ ತುದಿ ಕೈ ಬಿಟ್ಟು ಬಿದ್ದಿತ್ತು. ಯಾರೂ ಅದನ್ನು ಹಿಡಿದಿರಲಿಲ್ಲ. ಗೇಟು ಇನ್ನೂ ತೆರೆದೇ ಇತ್ತು, ಗಾಳಿ ಬೀಸುತ್ತಲೇ ಇತ್ತು. ಅವಳು ಏಳಲಿಲ್ಲ.

ಕಾರ್ಖಾನೆಯ ಮೊದಲ ಕೂಗು ಕೇಳಿತು. ಹೆಂಗಸರು ಮಕ್ಕಳನ್ನು ಹಾಲಪ್ಪನಿಗೆ ಒಪ್ಪಿಸಿ, ಹಗ್ಗ ಸುತ್ತಿಕೊಂಡು, ಓಡತೊಡಗಿದರು. ಒಬ್ಬಿಬ್ಬರು ಅರ್ಧ ದಾರಿಯಲ್ಲಿ ನಿಂತು ಸಾಕಮ್ಮನನ್ನು ತಿರುಗಿ ನೋಡಿ, ಮತ್ತೆ ಓಡಿದರು.

"ಸಾಕೀ, ಏಳೇ," ಅಂದೆ. "ಎರಡನೇ ಕೂಗು ಆಗುತ್ತೆ. ಮೇಸ್ತ್ರಿ ಹಾಜರಿ ಕತ್ತರಿಸ್ತಾನೆ."

ಬೆಟ್ಟಮ್ಮ ತಾಯಿಯ ಮಡಿಲಲ್ಲಿ ಜಾರಿ, ಹೊರಳಿ, ತನಗೆ ಬೇಕಾದ ತಗ್ಗು ಮಾಡಿಕೊಂಡು, ಕಣ್ಣು ಮುಚ್ಚಿದಳು. ಎರಡನೇ ಕೂಗು ಗುಡ್ಡಕ್ಕೆ ಬಡಿದು ವಾಪಸು ಬಂತು. ಮೆಟ್ಟಿಲ ಮೇಲೆ ಜೋಮು ಹಿಡಿದ ಕಾಲು ಒತ್ತಿಕೊಳ್ಳುತ್ತಿದ್ದ ವಸುಂಧರಮ್ಮ ತಲೆ ಎತ್ತಿ ನೋಡಿದರು. ಸಾಕಮ್ಮ ಆ ಕಡೆ ನೋಡಲಿಲ್ಲ.

"ಏಳಾಕಾಗಲ್ಲ ಕಣಣ್ಣ," ಅಂದಳು, ಒಡೆದ ಗಂಟಲನ್ನು ತಗ್ಗಿಸಿ, ಮಗು ಎದ್ದೀತೆಂದು. "ಭಾರ."